ಮಾರಾಟಕ್ಕೆ ದನ ಸಾಕುವ ಮುಂಚೆ ಹುಲ್ಲು ತೂಗಿ

ಮನೆ ಮಟ್ಟಿಗೆ ದನ ಮೇಯಿಸುತ್ತಿದ್ದವರು ಮಾರಾಟಕ್ಕೆ ಇಳಿದಾಗ ಮೊದಲು ಮಂದೆ ದೊಡ್ಡದು ಮಾಡುತ್ತಾರೆ. ನಾನೂ ಅದೇ ಮಾಡಿದೆ. ಎರಡೇ ವರ್ಷಕ್ಕೆ ನೀರಿನ ತೊಟ್ಟಿಯ ಸುತ್ತ ನೆಲ ಬೋಳಾಯಿತು, ದನಗಳ ಪಕ್ಕೆಲುಬು ಎಣಿಸುವ ಹಾಗಾಯಿತು. ಅದಕ್ಕೇ ಹೇಳುತ್ತೇನೆ, ಮೊದಲು ಹುಲ್ಲಿನ ಲೆಕ್ಕ ಹಾಕಿ.

ಮಳೆಗಾಲ ಮುಗಿದ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕದಲ್ಲಿ ಹುಲ್ಲನ್ನು ಬುಡದವರೆಗೆ ಕೊಯ್ಯಿರಿ. ಮುರಿದರೆ ಪಟ್ ಅನ್ನುವಷ್ಟು ಒಣಗಿಸಿ, ತೂಗಿ. ಸುಮ್ನೆ ದಟ್ಟವಾಗಿರುವ ಜಾಗವನ್ನೇ ಆರಿಸಬೇಡಿ. ಹತ್ತು ಕಡೆ ಕೊಯ್ದು ಸರಾಸರಿ ತೆಗೆಯಿರಿ. 150 ಗ್ರಾಂ ಬಂದರೆ ಹೆಕ್ಟೇರಿಗೆ 1,500 ಕಿಲೋ. ಅದರಲ್ಲಿ ಅರ್ಧ ನೆಲದಲ್ಲೇ ಇರಲಿ, ಮತ್ತೆ ಚಿಗುರಬೇಕಲ್ವಾ? ಉಳಿದದ್ದು 750. ಸುಮಾರು 400 ಕಿಲೋ ತೂಕದ ಹಸುವಿಗೆ ದಿನಕ್ಕೆ 10 ಕಿಲೋ ಒಣ ಮೇವಾದರೂ ಬೇಕು. ಅಂದರೆ ಒಂದು ಹೆಕ್ಟೇರ್ ಒಂದು ಹಸುವಿಗೆ 75 ದಿನ ಬರುತ್ತದೆ. ನನ್ನ ಲೆಕ್ಕ ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ.

ಲೆಕ್ಕ ಮೀರಿದ ದನಗಳನ್ನು ಬೇಸಿಗೆಗೆ ಮುಂಚೆಯೇ, ಮೈ ತುಂಬಿರುವಾಗಲೇ ಮಾರಿ. ಬೆಳೆದ ಹೋರಿಗಳು, ಗಬ್ಬ ನಿಲ್ಲದ ಹಸುಗಳು ಮೊದಲು ಹೋಗಲಿ. ಬರಗಾಲದಲ್ಲೂ ಕರು ಉಳಿಸಿಕೊಂಡ ಹಸುವನ್ನು ಮಾತ್ರ ಯಾರು ಎಷ್ಟು ಜಾಸ್ತಿ ಕೊಟ್ಟರೂ ಕೊಡಬೇಡಿ. ದಪ್ಪ ತಳಿ ತಂದರೂ ಅಂಥ ತಾಯಿ ಸಿಗುವುದು ಕಷ್ಟ.

ಮೇಯ್ದ ಜಾಗದಲ್ಲಿ ಹುಲ್ಲು ಗೇಣುದ್ದ ಬೆಳೆಯುವ ತನಕ ಮಂದೆ ಬಿಡಬೇಡಿ. ಹಾಲು ಮಾರುವುದಾದರೆ ಕರುವಿನ ಪಾಲು, ಮನೆ ಮಕ್ಕಳ ಪಾಲು ತೆಗೆದಿಟ್ಟು, ಮಿಕ್ಕಿದ್ದನ್ನಷ್ಟೇ ಕ್ಯಾನಿಗೆ ಹಾಕಿ.