ಎರೇಸರ್‌ಹೆಡ್ ನೋಡುವ ಮುನ್ನ ಊಟ ಮುಗಿಸಿ

ಕನಸಿನಂಥ, ಒಳಗೆಲ್ಲೋ ತಳಮಳ ಹುಟ್ಟಿಸುವ ಸಿನಿಮಾಗಳನ್ನು ನಾನು ಮನೆಯಲ್ಲೇ ನೋಡುವುದು. ಪಕ್ಕದಲ್ಲಿ ನಗುವವರಿಲ್ಲ, ಮಧ್ಯಂತರವೂ ಇಲ್ಲ. ನಿರ್ದೇಶಕ ಡೇವಿಡ್ ಲಿಂಚ್ ಅವರ 1977ರ ‘ಎರೇಸರ್‌ಹೆಡ್’ನಿಂದ ಶುರು ಮಾಡುವವರು ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ. ಅದರ ಅರ್ಧ ಭಯ ಇರುವುದೇ ಸದ್ದಿನಲ್ಲಿ. ಎಲ್ಲೋ ಯಂತ್ರ ಓಡುತ್ತಿರುವಂಥ ಗುಂಯ್‌ಗುಡುವಿಕೆ ಬೆನ್ನು ಬಿಡುವುದಿಲ್ಲ. ಟಿವಿಯ ಪುಟ್ಟ ಸ್ಪೀಕರುಗಳು ಅದನ್ನು ನುಂಗಿಬಿಡುತ್ತವೆ. ಟಿವಿಯಲ್ಲಿ ‘ಮೋಷನ್ ಸ್ಮೂದಿಂಗ್’ (ನಡುವೆ ಹೊಸ ಫ್ರೇಮುಗಳನ್ನು ತುಂಬಿ ಚಲನೆಯನ್ನು ನಯವಾಗಿಸುವ ಸೆಟ್ಟಿಂಗ್) ಇದ್ದರೆ ನಿಲ್ಲಿಸಿ, ಇಲ್ಲದಿದ್ದರೆ ಸೆಕೆಂಡಿಗೆ 24 ಫ್ರೇಮುಗಳ ಚಿತ್ರ ಸಂಜೆಯ ಧಾರಾವಾಹಿಯಂತೆ ಕಾಣುತ್ತದೆ. ದೀಪ ಆರಿಸಿ, ಕಪ್ಪು-ಬಿಳುಪಿನ ಚಿತ್ರವದು. ಅರ್ಥ ಹುಡುಕಲು ಮೊಬೈಲ್ ತೆಗೆಯಬೇಡಿ. ಲಿಂಚ್ ಅವರೇ ವಿವರಿಸಲು ಒಪ್ಪಲಿಲ್ಲ. ಊಟದ ಮಾತೇಕೆಂದರೆ, ಕೋಳಿ ಬಡಿಸುವ ದೃಶ್ಯವೊಂದಿದೆ. ನನ್ನ ತಟ್ಟೆ ಅಂದು ಹಾಗೆಯೇ ಉಳಿಯಿತು.