ಬೋರಾನ್ ನೈಟ್ರೈಡ್ ಪದರದಲ್ಲಿ ಹೊಳೆಯುವ ಕಾರ್ಬನ್ ಜೋಡಿ: ನಾನು ಲೆಕ್ಕ ಹಾಕುವ ಬಗೆ

ಹೆಕ್ಸಗೋನಲ್ ಬೋರಾನ್ ನೈಟ್ರೈಡ್‌ನಲ್ಲಿ (ಬೋರಾನ್, ನೈಟ್ರೋಜನ್ ಜೇನುಗೂಡಿನಂತೆ ಹೆಣೆದ ಪದರಗಳ ವಸ್ತು) 4.1 ಇವಿ (ಎಲೆಕ್ಟ್ರಾನ್ ವೋಲ್ಟ್) ಹತ್ತಿರ, ಎಂದರೆ ಸುಮಾರು 302 ನ್ಯಾನೊಮೀಟರ್‌ನಲ್ಲಿ ಹೊಮ್ಮುವ ಬೆಳಕಿಗೆ ಅಕ್ಕಪಕ್ಕದ ಎರಡು ಕಾರ್ಬನ್ ಪರಮಾಣುಗಳು ಕಾರಣವಿರಬಹುದು ಎಂಬ ವಾದ 2019ರಲ್ಲಿ ಬಂತು. ಒಂದು ಕಾರ್ಬನ್ ಬೋರಾನ್ ಜಾಗದಲ್ಲಿ, ಇನ್ನೊಂದು ನೈಟ್ರೋಜನ್ ಜಾಗದಲ್ಲಿ. ಸ್ಫಟಿಕದ ಈ ದೋಷಕ್ಕೆ (ಬೇರೆ ಪರಮಾಣು ಸೇರಿದ ಜಾಗಕ್ಕೆ) ಚಾರ್ಜ್ ಇಲ್ಲ. ಹಾಗಾಗಿ ತೆಳು ಪದರಗಳಲ್ಲಿ ತಲೆನೋವು ತರುವ ಚಾರ್ಜ್ ತಿದ್ದುಪಡಿ ಬೇಕಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಡಿಎಫ್‌ಟಿ ಲೆಕ್ಕ (ಎಲೆಕ್ಟ್ರಾನ್ ಸಾಂದ್ರತೆಯಿಂದ ಶಕ್ತಿ ಕಂಡುಹಿಡಿಯುವ ಕಂಪ್ಯೂಟರ್ ಲೆಕ್ಕ) ನನಗೆ ತೋಚುವುದಿಲ್ಲ.

ನಾನು ಬಳಸುವುದು ಒಂಟಿ ಪದರದ 9×9 ಸೂಪರ್‌ಸೆಲ್ (ಮೂಲ ಕೋಶವನ್ನು ಎರಡೂ ದಿಕ್ಕಿಗೆ 9 ಸಲ ಪುನರಾವರ್ತಿಸಿದ ದೊಡ್ಡ ಕೋಶ): 80 ಬೋರಾನ್, 80 ನೈಟ್ರೋಜನ್, 2 ಕಾರ್ಬನ್, ಜೊತೆಗೆ 15–20 ಆಂಗ್‌ಸ್ಟ್ರಾಮ್ ನಿರ್ವಾತ. 9 ಮೂರರ ಗುಣಕವಾದ್ದರಿಂದ ಕೆ ಬಿಂದು (ಎಲೆಕ್ಟ್ರಾನ್ ತರಂಗಗಳ ನಕ್ಷೆಯಾದ ಬ್ರಿಲುವಾಂ ವಲಯದ ಮೂಲೆ) ಅದರ ನಡುಬಿಂದು ಗಾಮಾದ ಮೇಲೆ ಮಡಚಿಕೊಳ್ಳುತ್ತದೆ, ಗಾಮಾ ಒಂದೇ ಸಾಕಾಗುತ್ತದೆ. 8×8 ತೆಗೆದುಕೊಂಡರೆ ಗಾಮಾದಲ್ಲಿ ಬ್ಯಾಂಡ್ ಅಂಚುಗಳೇ ತಪ್ಪಾಗಿ ಕಾಣುತ್ತವೆ. ಪಿಬಿಇ ಎಂಬ ಅಂದಾಜು ಸೂತ್ರ ಗ್ಯಾಪ್ (ತುಂಬಿದ, ಖಾಲಿ ಮಟ್ಟಗಳ ನಡುವಿನ ಅಂತರ) ತೀರಾ ಕಡಿಮೆ ಕೊಡುವುದರಿಂದ ಶಕ್ತಿಗಳಿಗೆ ಎಚ್‌ಎಸ್‌ಇ ಎಂಬ ಹೈಬ್ರಿಡ್ ಸೂತ್ರ.

ವೇಲೆನ್ಸ್ ಎಲೆಕ್ಟ್ರಾನ್ 648. ಒಂದು ಸ್ಪಿನ್‌ಗೆ 324. ಒಂದು ಸ್ಪಿನ್‌ನಲ್ಲಿ ಮಾತ್ರ 324ನೇ ಮಟ್ಟ ಖಾಲಿ ಮಾಡಿ 325ನೇದನ್ನು ತುಂಬಿದರೆ ಉದ್ರಿಕ್ತ ಸ್ಥಿತಿ. ಆದರೆ ಆ 325 ನಿಜಕ್ಕೂ ಕಾರ್ಬನ್ನಿನದೇ ಎಂದು ಆರ್ಬಿಟಲ್ ಬಿಡಿಸಿ ನೋಡಲೇಬೇಕು. ನಿರ್ವಾತದಲ್ಲಿ ಹರಡಿಕೊಂಡ ಮಟ್ಟಗಳೂ ಅಲ್ಲೇ ಹತ್ತಿರದಲ್ಲಿರುತ್ತವೆ. ಎಸ್‌ಸಿಎಫ್ (ಉತ್ತರ ಸ್ಥಿರವಾಗುವವರೆಗೆ ಮತ್ತೆ ಮತ್ತೆ ಮಾಡುವ ಲೆಕ್ಕ) ನಡುವೆ ಮಟ್ಟಗಳ ಕ್ರಮ ಬದಲಾದರೆ ಲೆಕ್ಕ ಸದ್ದಿಲ್ಲದೆ ಬೇರೆ ಸ್ಥಿತಿಗೆ ಜಾರುತ್ತದೆ, ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ.

ಹೀಗೆ ಸಿಕ್ಕಿದ್ದು ಶುದ್ಧ ಸಿಂಗ್ಲೆಟ್ (ಒಟ್ಟು ಸ್ಪಿನ್ 0) ಅಲ್ಲ, ಸಿಂಗ್ಲೆಟ್ ಮತ್ತು ಟ್ರಿಪ್ಲೆಟ್‌ನ (ಒಟ್ಟು ಸ್ಪಿನ್ 1) ಬೆರಕೆ. ಅದೇ ರಚನೆಯಲ್ಲಿ ಟ್ರಿಪ್ಲೆಟ್ ಶಕ್ತಿಯನ್ನೂ ತೆಗೆದು, ಬೆರಕೆಯ ಶಕ್ತಿಯ ಎರಡರಷ್ಟರಿಂದ ಕಳೆಯುತ್ತೇನೆ. ಈ ಹೆಜ್ಜೆ ಬಿಟ್ಟರೆ ಶೂನ್ಯ-ಫೋನಾನ್ ರೇಖೆ (ಕಂಪನಕ್ಕೆ ಶಕ್ತಿ ಕೊಡದೆ ಹೊಮ್ಮುವ ಬೆಳಕಿನ ಶಕ್ತಿ) ಕೆಳಗೆ ಬೀಳುತ್ತದೆ.

ಅತಿ ಹೆಚ್ಚು ಎಡವುವುದು ಹುವಾಂಗ್–ರೀಸ್ ಅಂಶದಲ್ಲಿ, ಎಂದರೆ ಬೆಳಕು ಹೊಮ್ಮುವಾಗ ಸರಾಸರಿ ಎಷ್ಟು ಫೋನಾನ್ (ಕಂಪನದ ಕಣ) ಹುಟ್ಟುತ್ತವೆ ಎಂಬ ಸಂಖ್ಯೆಯಲ್ಲಿ. ಮೂಲ ಮತ್ತು ಉದ್ರಿಕ್ತ ಸ್ಥಿತಿಗಳ ಎರಡು ರಚನೆಗಳ ನಡುವೆ ಪ್ರತಿ ಪರಮಾಣು ಸರಿದ ದೂರದ ವರ್ಗವನ್ನು ಅದರ ದ್ರವ್ಯರಾಶಿಯಿಂದ ಗುಣಿಸಿ, ಎಲ್ಲ ಕೂಡಿಸಿ, ವರ್ಗಮೂಲ ತೆಗೆದರೆ ಡೆಲ್ಟಾ-ಕ್ಯೂ. ಅದು 0.3 (ಆಂಗ್‌ಸ್ಟ್ರಾಮ್ × ಪರಮಾಣು ಮಾನದ ವರ್ಗಮೂಲ), ಕಂಪನ ಶಕ್ತಿ 180 ಮಿಲಿ ಇವಿ ಆದರೆ ಅಂಶ ಸುಮಾರು 1.9. ಈಗ ಇಡೀ ಪದರ ಬರೀ 0.01 ಆಂಗ್‌ಸ್ಟ್ರಾಮ್ ಸರಿದಿದೆ ಎನ್ನಿ. ಒಟ್ಟು ತೂಕ ಸುಮಾರು 2009 ಪರಮಾಣು ಮಾನ, ವರ್ಗಮೂಲ 44.8; ಆ ಸರಿತವೊಂದೇ 0.45 ಕೊಡುತ್ತದೆ, ನಿಜವಾದ ಉತ್ತರಕ್ಕಿಂತ ದೊಡ್ಡದು! ಆದ್ದರಿಂದ ಎರಡೂ ರಚನೆಗಳ ದ್ರವ್ಯಕೇಂದ್ರ ಹೊಂದಿಸದೆ ನಾನು ಡೆಲ್ಟಾ-ಕ್ಯೂ ತೆಗೆಯುವುದೇ ಇಲ್ಲ. ರಚನೆ ಸಡಿಲಿಸುವಾಗ ಪರಮಾಣುಗಳ ಮೇಲೆ ಉಳಿಯಬಹುದಾದ ಬಲದ ಮಿತಿಯನ್ನೂ 0.01 ಇವಿ/ಆಂಗ್‌ಸ್ಟ್ರಾಮ್‌ಗೆ ನಿಲ್ಲಿಸದೆ 0.001ಕ್ಕೆ ಇಳಿಸುತ್ತೇನೆ.