ಬಟ್ಟೆ ಅಂಗಡಿಯಿಂದ ಕೆರೆಯ ಕೆಲಸಕ್ಕೆ

ಉದ್ಯೋಗ ಖಾತರಿ ಅಂದರೆ ಸರ್ಕಾರದ ದುಡ್ಡಲ್ಲಿ ಮರದಡಿ ಕೂತು ಎಲೆಯಡಿಕೆ ಹಾಕುವುದು. ನಮ್ಮ ಕಾಸರಗೋಡಿನ ಕಡೆ ತೋಟ ಇರುವವರ ಬಾಯಲ್ಲಿ ಈ ಮಾತು ಬಾರದ ದಿನವಿಲ್ಲ. ಆಳು ಸಿಗದ ಸಿಟ್ಟು ಅವರಿಗೆ. ನಾನು ಆ ಕೆಲಸಕ್ಕೆ ಹೋದವನು, ಹಾಗಾಗಿ ಕಂಡದ್ದನ್ನು ಬರೆಯುತ್ತೇನೆ.

ಮಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ನನಗೆ ಕೆಲಸ. ದಿನಾ ತಲಪಾಡಿಯ ಗಡಿ ದಾಟಿ ಹೋಗಿ ಬರುವುದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಕಾಯಿಲೆಯವರಿಗೇ ಮಂಗಳೂರಿನ ಆಸ್ಪತ್ರೆಗೆ ದಾರಿ ಇರಲಿಲ್ಲ, ಇನ್ನು ಅಂಗಡಿಯ ಮಾತೆಲ್ಲಿ? ರೇಷನ್ ಅಕ್ಕಿ ಸಿಕ್ಕಿತು, ಕಿಟ್ ಸಿಕ್ಕಿತು. ಆದರೆ ಅಮ್ಮನ ಮಾತ್ರೆಗೆ ಕೈಯಲ್ಲಿ ಕಾಸು ಬೇಕಲ್ವಾ?

ಮನೆಯಲ್ಲಿ ಹೆಂಡತಿಯ ಹೆಸರಲ್ಲಿ ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಇತ್ತು. ಕಾರ್ಡ್ ಕುಟುಂಬಕ್ಕೆ ಒಂದೇ, ವರ್ಷಕ್ಕೆ 100 ದಿನದ ಕೆಲಸ ಅನ್ನುವುದೂ ಆಗ ಇಡೀ ಕುಟುಂಬಕ್ಕೆ ಸೇರಿ ಇತ್ತು. ಅದರಲ್ಲೇ ನನ್ನ ಹೆಸರು ಸೇರಿಸಿದೆವು. ಆಗ ಕೇರಳದಲ್ಲಿ ದಿನಕ್ಕೆ 291 ರೂಪಾಯಿ. ಗಂಡಾಳಿನ ಕೂಲಿ ಹೊರಗೆ ಅದರ ಎರಡು ಪಾಲಿಗಿಂತ ಜಾಸ್ತಿ. ಹಾಗಾಗಿ 2007ರಲ್ಲಿ ಯೋಜನೆ ನಮ್ಮ ಜಿಲ್ಲೆಗೆ ಬಂದಾಗಿನಿಂದಲೂ ಇದು ಹೆಂಗಸರದ್ದೇ ಕೆಲಸ. ಕೆಲಸ ನೋಡಿಕೊಳ್ಳುವ ಮೇಟ್ ಕೂಡ ಕುಟುಂಬಶ್ರೀ ಅನ್ನುವ ಹೆಂಗಸರ ಸಂಘದ ಅಕ್ಕನೇ. ಹೊರಗಿನ ಕೆಲಸ ನಿಂತ ಆ ವರ್ಷ ಮಾತ್ರ ನನ್ನಂಥವರು ಕೆಲವರು ಸೇರಿಕೊಂಡೆವು.

ನಮ್ಮ ಪಾಲಿಗೆ ಬಂದದ್ದು ಕೆರೆ ಅಗೆಯುವ ಕೆಲಸ. ಜೆಸಿಬಿ ತರುವಂತಿಲ್ಲ, ಕಾಂಟ್ರಾಕ್ಟ್ ಕೊಡುವಂತಿಲ್ಲ, ಕಾನೂನೇ ಹಾಗೆ. ನಮ್ಮ ಮುರ ಮಣ್ಣು, ಅಂದರೆ ಕೆಂಪು ಜಂಬಿಟ್ಟಿಗೆ ಮಣ್ಣು, ಒಣಗಿದರೆ ಪಿಕ್ಕಾಸು ಹಾಕಿದಲ್ಲಿ ಕಿಡಿ ಹಾರುತ್ತದೆ. ಅಕ್ಕಂದಿರು ಸಂಜೆ ಹೊರಡುವ ಮೊದಲು ಮರುದಿನ ಅಗೆಯುವ ಜಾಗಕ್ಕೆ ನಾಲ್ಕು ಕೊಡ ನೀರು ಹೊಯ್ದು ಹೋಗುತ್ತಿದ್ದರು. ಬೆಳಿಗ್ಗೆ ಮಣ್ಣು ಮಾತು ಕೇಳುತ್ತಿತ್ತು. ನಾನು ತೋಳಿನ ಬಲದಲ್ಲಿ ಪಿಕ್ಕಾಸು ಗುದ್ದುವುದನ್ನು ನೋಡಿ ಒಬ್ಬರು ಹೇಳಿದರು: "ಎಂತ ಮಾರಾಯ, ಅದಕ್ಕೆ ಭಾರ ಇಲ್ವಾ? ಎತ್ತಿ ಬಿಡು, ಅದೇ ಬೀಳ್ತದೆ." ಅಗೆಯುವವರು, ಬುಟ್ಟಿ ಹೊರುವವರು ಆಗಾಗ ಅದಲು ಬದಲು. ಕೈಯಲ್ಲಿ ಎದ್ದ ಬೊಬ್ಬೆ ಒಡೆಯಬಾರದು, ಬಟ್ಟೆ ಸುತ್ತಿಕೊಳ್ಳಬೇಕು.

ಕೆರೆಯ ಮಧ್ಯೆ ಅಲ್ಲಲ್ಲಿ ಅಗೆಯದೆ ಮಣ್ಣಿನ ಕಂಬ ಬಿಡುತ್ತೇವೆ. ಅದರ ತಲೆಯಿಂದ ಬುಡಕ್ಕೆ ಟೇಪು ಹಿಡಿದರೆ ಎಷ್ಟು ಆಳ ಹೋಗಿದೆ ಅಂತ ಅಳತೆಗೆ ಬರುವ ಓವರ್ಸಿಯರಿಗೆ ಗೊತ್ತಾಗುತ್ತದೆ. ಅಲ್ಲಿ ಕಳ್ಳಾಟ ನಡೆಯುವುದಿಲ್ಲ. ದಾರಿಯಲ್ಲಿ ಹೋಗುವವರಿಗೆ ದಡದಲ್ಲಿ ಚಹಾ ಕುಡಿಯುವವರು ಕಾಣುತ್ತಾರೆ, ಹೊಂಡದೊಳಗೆ ಇದ್ದವರು ಕಾಣುವುದಿಲ್ಲ.

ಹಾಗಂತ ದೂರೆಲ್ಲ ಸುಳ್ಳಲ್ಲ. ಕೆರೆ ಮುಗಿದ ಮೇಲೆ ರಸ್ತೆ ಬದಿಯ ಹುಲ್ಲು ತೆಗೆಯಲು ಹಾಕಿದರು. ಒಂದು ಮಳೆಗೆ ಮತ್ತೆ ಬರುವ ಹುಲ್ಲು. ಅದನ್ನು ಯಾರೂ ಅಷ್ಟು ಸೂಕ್ಷ್ಮವಾಗಿ ಅಳೆಯುವುದಿಲ್ಲ. ಕೆರೆಯಲ್ಲಿ ಬೆವರು ಸುರಿಸಿದ ಅದೇ ಅಕ್ಕಂದಿರು ಅಲ್ಲಿ ಹೊತ್ತು ಕಳೆದರು, ನಾನೂ ಕಳೆದೆ. ಆ ವರ್ಷ ಕೇಂದ್ರ ಈ ಯೋಜನೆಗೆ ಬಜೆಟ್‌ನಲ್ಲಿಟ್ಟ 61,500 ಕೋಟಿಯ ಮೇಲೆ ಮತ್ತೆ 40,000 ಕೋಟಿ ಸೇರಿಸಿತ್ತು. ದುಡ್ಡು ಹಾಳಾಗುವುದು ಕೂಲಿಯವರ ಸೋಮಾರಿತನದಿಂದ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಾವ ಕೆಲಸ ಅಂತ ಆರಿಸುವಲ್ಲೇ ಅರ್ಧ ಹಾಳಾಗುತ್ತದೆ. ಕೆಲಸಗಳ ಪಟ್ಟಿ ಗ್ರಾಮಸಭೆಗೆ ಬರಬೇಕು. ಬೈಯುವ ತೋಟದವರನ್ನು ನಾನು ಅಲ್ಲಿ ನೋಡಿದ್ದು ಕಡಿಮೆ.

ಕೂಲಿ 15 ದಿನದೊಳಗೆ ಬ್ಯಾಂಕಿಗೆ ಬರಬೇಕು ಅಂತ ಕಾನೂನು. ನಮ್ಮದು ತಡವಾಯಿತು, ದಿನಸಿ ಅಂಗಡಿಯಲ್ಲಿ ಸಾಲ ಬರೆಸಿದೆವು.

ಮಳೆಗಾಲದಲ್ಲಿ ಕೆರೆ ಕೆಲಸದ ಅಕ್ಕ ಒಬ್ಬರು ನನ್ನನ್ನು ಒಂದು ತೋಟಕ್ಕೆ ಕರೆಸಿದರು, ಅಡಿಕೆಗೆ ಮದ್ದು ಬಿಡುವಲ್ಲಿ ಕೆಳಗಿನ ಕೆಲಸಕ್ಕೆ. ಮರ ಹತ್ತಲು ನನಗೆ ಬಾರದು. ಮದ್ದಿಗೆ ಒಂದು ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ತುತ್ತಿನ ನೀರನ್ನು ಸುಣ್ಣಕ್ಕೆ ಹೊಯ್ಯಬೇಕು, ಸುಣ್ಣವನ್ನು ತುತ್ತಿಗೆ ಅಲ್ಲ. ಕತ್ತಿ ಅದ್ದಿ ನೋಡಿ, ಅಲಗಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. ಕೂಲಿ ಜಾಸ್ತಿ, ಸಂಜೆಗೇ ಕೈಗೆ. ಬಟ್ಟೆ ಅಂಗಡಿ ಮತ್ತೆ ತೆರೆದ ಮೇಲೂ ಮಳೆಗಾಲದ ರಜೆ ದಿನಗಳಲ್ಲಿ ಮದ್ದಿಗೆ ಹೋಗುತ್ತೇನೆ.

ಉದ್ಯೋಗ ಖಾತರಿ ಬಗ್ಗೆ ನನ್ನನ್ನು ಕೇಳಿಕೊಂಡು ಬಂದ ಹುಡುಗರಿಗೆ ಒಂದೇ ಹೇಳಿದ್ದು: ಕೆಲಸ ಬೇಕು ಅಂತ ಬರೆದು ಕೊಟ್ಟಾಗ ತಾರೀಕು ಹಾಕಿದ ರಶೀದಿ ಕೇಳಿ. 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು, ಆ ಲೆಕ್ಕ ಅರ್ಜಿಯ ತಾರೀಕಿನಿಂದ. ಬಾಯಿಮಾತಲ್ಲಿ ಕೇಳಿ ಬಂದವರಿಗೆ ತೋರಿಸಲು ಏನೂ ಇರುವುದಿಲ್ಲ.